ಆರು ದಿನದ ಪಿಸುಮಾತು

ಮನೆಯಲ್ಲಿ ಹಸು ಕಟ್ಟಿದವರಿಗೆ ಬೆದೆಯ ಲಕ್ಷಣ ಹೇಳಿಕೊಡಬೇಕಾಗಿಲ್ಲ. ಬೆಳಗಿನಿಂದ ಒಂದೇ ಸಮನೆ ಕೂಗುತ್ತದೆ, ಮೇವು ಮೂಸಿ ಬಿಡುತ್ತದೆ, ಹಾಲು ಇಳಿಯುತ್ತದೆ, ಜೊತೆಯ ಹಸುವಿನ ಮೇಲೆ ಹತ್ತುತ್ತದೆ, ಹಿಂದೆ ಗಾಜಿನಂಥ ಲೋಳೆ ಜೋತಾಡುತ್ತದೆ. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೆಯ ಬೆಳಿಗ್ಗೆ ಎಂಬ ಲೆಕ್ಕದಲ್ಲಿ ಪಶುವೈದ್ಯರಿಗೆ ಫೋನ್ ಹೋಗುತ್ತದೆ. ಸುಮಾರು 21 ದಿನಕ್ಕೊಮ್ಮೆ ಬರುವ ಈ ಸಂಗತಿ ಹಟ್ಟಿಯಲ್ಲಿ ಯಾರಿಗೂ ಗುಟ್ಟಲ್ಲ. ಎಮ್ಮೆ ಇಷ್ಟು ಗದ್ದಲ ಮಾಡುವುದಿಲ್ಲ. ಅದರದ್ದು ಎಷ್ಟೋ ಸಲ ಮೂಕ ಬೆದೆ.

ಮನುಷ್ಯರದ್ದು ಎಮ್ಮೆಗಿಂತಲೂ ಮೂಕ. ಹೆಣ್ಣು ಚಿಂಪಾಂಜಿಯ ಹಿಂಭಾಗ ಆ ದಿನಗಳಲ್ಲಿ ಕೆಂಪಗೆ ಊದಿಕೊಂಡು ದೂರದಿಂದಲೇ ಕಾಣುತ್ತದೆ. ಹೆಂಗಸರಲ್ಲಿ ಅಂಥದ್ದೇನೂ ಇಲ್ಲ. ಅಂಡಾಣು ಹೊರಬಿದ್ದ ದಿನ ಗಂಡನಿಗಿರಲಿ, ಹೆಚ್ಚಿನ ತಿಂಗಳು ಆಕೆಗೇ ತಿಳಿಯದೆ ಕಳೆದುಹೋಗುತ್ತದೆ. ಆದರೂ ಮೊಬೈಲ್ ತೆರೆದರೆ ಆ ದಿನಗಳ ಬಗ್ಗೆ ಎಂಥೆಂಥ ಮಾತು! ಆಗ ಹೆಣ್ಣು ಗಡಸು ಮುಖದ ಗಂಡಸನ್ನೇ ಬಯಸುತ್ತಾಳಂತೆ, ಕೆಂಪು ಬಟ್ಟೆಯನ್ನೇ ಹುಡುಕಿ ಉಡುತ್ತಾಳಂತೆ, ಅವಳ ದನಿ ಬದಲಾಗುತ್ತದಂತೆ. ಇದರಲ್ಲಿ ಕಾಳೆಷ್ಟು ಜೊಳ್ಳೆಷ್ಟು ಎಂದು ತೂರಿ ನೋಡುವ ಕೆಲಸ ಕಳೆದ ಹತ್ತು-ಹನ್ನೆರಡು ವರ್ಷಗಳಲ್ಲಿ ಚೆನ್ನಾಗಿಯೇ ನಡೆದಿದೆ. ಅದಕ್ಕೆ ಮುಂಚೆ ಮೈಯೊಳಗೆ ನಡೆಯುವುದೇನು ಎಂದು ನೋಡೋಣ.

'ಅಂಡೋತ್ಪತ್ತಿ' ಎಂಬ ನಮ್ಮ ಪಠ್ಯಪುಸ್ತಕದ ಪದವೇ ತುಸು ದಾರಿ ತಪ್ಪಿಸುತ್ತದೆ. ಆ ದಿನ ಅಂಡಾಣು ಉತ್ಪತ್ತಿಯಾಗುವುದಿಲ್ಲ, ಬಿಡುಗಡೆಯಾಗುತ್ತದೆ. ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ 10ರಿಂದ 20 ಲಕ್ಷ ಅಂಡಾಣುಗಳ ದಾಸ್ತಾನು ಇರುತ್ತದೆ. ಮೈನೆರೆಯುವ ಹೊತ್ತಿಗೆ ಮೂರು-ನಾಲ್ಕು ಲಕ್ಷ ಉಳಿಯುತ್ತವೆ. ಜೀವಮಾನದಲ್ಲಿ ಹೊರಗೆ ಬರುವ ಅವಕಾಶ ಸಿಗುವುದು ಹೆಚ್ಚೆಂದರೆ 400–500ಕ್ಕೆ.

ಪ್ರತಿ ತಿಂಗಳೂ ಅಂಡಾಣುಗಳನ್ನು ಹೊತ್ತ ಕೆಲವು ಸಣ್ಣ ಚೀಲಗಳು ಒಟ್ಟಿಗೆ ಬೆಳೆಯಲು ಶುರುಮಾಡುತ್ತವೆ. ಸ್ಕ್ಯಾನಿಂಗ್ ಸೆಂಟರಿನವರು 'ಫಾಲಿಕಲ್' ಅನ್ನುವುದು ಇವಕ್ಕೇ. ಅವುಗಳಲ್ಲಿ ಒಂದು ಮುಂದೆ ಹೋಗಿ 20 ಮಿಲಿಮೀಟರ್ ಆಸುಪಾಸು ಬೆಳೆಯುತ್ತದೆ, ಉಳಿದವು ಮುದುಡುತ್ತವೆ. ಬೆಳೆಯುತ್ತಾ ಅದು ಈಸ್ಟ್ರೋಜನ್ ಸುರಿಸುತ್ತದೆ. ಈಸ್ಟ್ರೋಜನ್ ಮಟ್ಟ ಏರಿ ಒಂದೆರಡು ದಿನ ಹಾಗೇ ನಿಂತಾಗ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಎಲ್‌ಎಚ್ ಎಂಬ ಹಾರ್ಮೋನು ಒಮ್ಮೆಲೇ ಉಕ್ಕುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಅಂಡೋತ್ಪತ್ತಿ ಪರೀಕ್ಷೆಯ ಪಟ್ಟಿ ಮೂತ್ರದಲ್ಲಿ ಹುಡುಕುವುದು ಇದನ್ನೇ. ಉಕ್ಕಲು ತೊಡಗಿ ಸುಮಾರು 36 ಗಂಟೆಯಲ್ಲಿ ಚೀಲ ಒಡೆದು ಅಂಡಾಣು ಹೊರಬರುತ್ತದೆ. ಅದರ ಆಯುಸ್ಸು 12ರಿಂದ 24 ಗಂಟೆ. ಖಾಲಿಯಾದ ಚೀಲ ಸುಮ್ಮನೆ ಕೂರುವುದಿಲ್ಲ. ಪ್ರೊಜೆಸ್ಟರಾನ್ ತಯಾರಿಸುವ ಕೆಲಸಕ್ಕೆ ಇಳಿಯುತ್ತದೆ.

ಇವುಗಳಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎರಡನ್ನು ನೆನಪಿಟ್ಟುಕೊಂಡರೆ ಉಳಿದದ್ದೆಲ್ಲ ಸುಲಭ. ಮುಟ್ಟಿನ ಚಕ್ರದ ಮೊದಲ ಅರ್ಧ ಈಸ್ಟ್ರೋಜನ್ನಿನದು, ಕೊನೆಯ ಅರ್ಧ ಪ್ರೊಜೆಸ್ಟರಾನಿನದು. ಈಸ್ಟ್ರೋಜನ್ ಏರಿದಾಗ ಗರ್ಭಕೋಶದ ಬಾಯಿಯ ಲೋಳೆ ನೀರಾಗಿ, ಜಾರುವಂತಾಗಿ, ಹಸಿ ಮೊಟ್ಟೆಯ ಬಿಳಿಯಂತೆ ಬೆರಳ ನಡುವೆ ಎಳೆ ಎಳೆಯಾಗುತ್ತದೆ. ಅನೇಕರು ಇದನ್ನು 'ಬಿಳಿ ಹೋಗುವುದು' ಎಂದು ಹೆದರಿ ಔಷಧಿ ಕೇಳುತ್ತಾರೆ. ತುರಿಕೆ, ಕೆಟ್ಟ ವಾಸನೆ ಇಲ್ಲದಿದ್ದರೆ ಇದು ರೋಗವಲ್ಲ. ಹಸುವಿನ ಹಿಂದೆ ಜೋತಾಡುವ ಲೋಳೆಯ ಹತ್ತಿರದ ನೆಂಟ, ಎರಡಕ್ಕೂ ಕಾರಣ ಒಂದೇ ಹಾರ್ಮೋನು. ಐದರಲ್ಲಿ ಒಬ್ಬರಿಗಾದರೂ ಕೆಳಹೊಟ್ಟೆಯ ಒಂದು ಪಕ್ಕ ಸೂಜಿ ಚುಚ್ಚಿದಂತೆ ನೋವು ಬಂದು ಹೋಗುತ್ತದೆ. ಈ ದಿನಗಳಲ್ಲಿ ಹಸಿವೂ ತುಸು ತಗ್ಗುತ್ತದೆ. ಪ್ರೊಜೆಸ್ಟರಾನ್ ಬಂದ ಮೇಲೆ ಲೋಳೆ ಗಟ್ಟಿಯಾಗಿ ದಾರಿ ಮುಚ್ಚುತ್ತದೆ, ಮೈಬಿಸಿ 0.2ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರುತ್ತದೆ, ಮೊಲೆ ಬಿಗಿಯುತ್ತದೆ, ಮುಟ್ಟಿನ ಹಿಂದಿನ ವಾರ ಹಸಿವು ಜಾಸ್ತಿ.

ಹಾಗಾದರೆ ಅಂಡಾಣು ಬಿಡುಗಡೆಯಾಗುವುದು ಯಾವತ್ತು? ಹೈಸ್ಕೂಲು ಮುಗಿಸಿದವರೆಲ್ಲ ಹೇಳುವ ಉತ್ತರ ಹದಿನಾಲ್ಕನೇ ದಿನ. ಮುಟ್ಟು ಗಡಿಯಾರದಂತೆ 28 ದಿನಕ್ಕೆ ಬರುವವರಿಗೆ ಅದು ಹೆಚ್ಚುಕಡಿಮೆ ಸರಿ. ಆದರೆ ಲೆಕ್ಕ ಹಿಡಿಯಬೇಕಾದದ್ದು ಮುಂದಿನಿಂದಲ್ಲ, ಹಿಂದಿನಿಂದ. ಮುಂದಿನ ಮುಟ್ಟಿಗೆ ಸುಮಾರು 14 ದಿನ ಮುಂಚೆ ಅಂಡಾಣು ಹೊರಬರುತ್ತದೆ. 35 ದಿನದ ಚಕ್ರದವರಿಗೆ ಅದು 21ನೇ ದಿನವಾಗಬಹುದು, 24 ದಿನದವರಿಗೆ 10ನೇ ದಿನ. ಮುಂದಿನ ಮುಟ್ಟು ಯಾವತ್ತೆಂದು ಮೊದಲೇ ಯಾರಿಗೆ ಗೊತ್ತು? ತೊಡಕು ಇರುವುದೇ ಅಲ್ಲಿ.

ಹಿಂದಿನಿಂದ ಎಣಿಸುವ ಈ ವಿಷಯ ಕಂಡುಕೊಂಡದ್ದು ಜಪಾನಿನ ಕ್ಯೂಸಾಕು ಒಗಿನೊ, 1924ರಲ್ಲಿ. ಆಸ್ಟ್ರಿಯದ ಹರ್ಮನ್ ಕ್ನೌಸ್ ತಾವಾಗಿಯೇ ಅದೇ ದಾರಿಗೆ ಬಂದರು. ಅಂದರೆ ಸುಮಾರು ನೂರು ವರ್ಷದ ತಿಳಿವಳಿಕೆ ಅಷ್ಟೇ. ಅದಕ್ಕೆ ಮುಂಚೆ 19ನೇ ಶತಮಾನದ ಯುರೋಪಿನ ವೈದ್ಯರು ನಾಯಿಗೆ ಬೆದೆಯ ಹೊತ್ತಿನಲ್ಲಿ ರಕ್ತ ಕಾಣುವುದನ್ನು ನೋಡಿ ಹೆಣ್ಣಿಗೂ ಹಾಗೇ ಇರಬೇಕೆಂದು ಬಗೆದಿದ್ದರು. ಮುಟ್ಟಿನ ಆಚೀಚೆಯೇ ಗರ್ಭ ನಿಲ್ಲುವ ಕಾಲ, ನಡುವಿನ ದಿನಗಳು 'ಸುರಕ್ಷಿತ' ಎಂದು ದಂಪತಿಗಳಿಗೆ ಸಲಹೆಯನ್ನೂ ಕೊಟ್ಟರು. ಫಲ ಏನಾಗಿರಬಹುದೆಂದು ನೀವೇ ಊಹಿಸಿ. ನಮ್ಮ ಧರ್ಮಶಾಸ್ತ್ರಗಳ ಹದಿನಾರು ರಾತ್ರಿಯ 'ಋತುಕಾಲ', ಅದರಲ್ಲಿ ಮೊದಲ ನಾಲ್ಕನ್ನು ಬಿಡಬೇಕೆಂಬ ನಿಯಮ, ಈ ಮಟ್ಟಿಗೆ ವಾಸ್ತವಕ್ಕೆ ಹತ್ತಿರವಿತ್ತು. ಸಮರಾತ್ರಿಗೆ ಗಂಡು, ಬೆಸರಾತ್ರಿಗೆ ಹೆಣ್ಣು ಎಂಬ ಮುಂದಿನ ಮಾತಿಗೆ ಮಾತ್ರ ಯಾವ ಆಧಾರವೂ ಇಲ್ಲ. ಮಗು ಯಾವುದೆಂದು ತೀರ್ಮಾನವಾಗುವುದು ಗಂಡಸಿನ ವೀರ್ಯಾಣುವಿನಿಂದ, ಪಂಚಾಂಗದಿಂದಲ್ಲ.

ಅಮೆರಿಕದ ಅಲೆನ್ ವಿಲ್ಕಾಕ್ಸ್ ಮತ್ತು ಸಂಗಡಿಗರು 221 ಹೆಂಗಸರ ಮೂತ್ರವನ್ನು ದಿನದಿನವೂ ಪರೀಕ್ಷಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಗೊಂದಲ ಬಿಡಿಸಿತು. ಗರ್ಭ ನಿಲ್ಲಬಹುದಾದ್ದು ಒಟ್ಟು ಆರು ದಿನ: ಅಂಡಾಣು ಹೊರಬರುವ ದಿನ ಮತ್ತು ಅದರ ಹಿಂದಿನ ಐದು. ಒಳ್ಳೆಯ ಲೋಳೆ ಇದ್ದರೆ ವೀರ್ಯಾಣು ಐದು ದಿನ ಬದುಕಿ ಕಾಯಬಲ್ಲದು. ಬಿಡುಗಡೆಯ ಮಾರನೆಯ ದಿನ ಬಾಗಿಲು ಮುಚ್ಚಿದ ಹಾಗೆಯೇ. ಇದೇ ತಂಡ 2000ದಲ್ಲಿ ಹೇಳಿದ ಸಂಗತಿ ಪಠ್ಯಪುಸ್ತಕಕ್ಕೆ ಏಟು ಕೊಟ್ಟಂತಿತ್ತು: ಈ ಆರು ದಿನ ಪೂರ್ತಿಯಾಗಿ 10ರಿಂದ 17ನೇ ದಿನದೊಳಗೆ ಬೀಳುವುದು ಸುಮಾರು ನೂರಕ್ಕೆ 30 ಹೆಂಗಸರಲ್ಲಿ ಮಾತ್ರ. ಮಕ್ಕಳು ಬೇಡವೆಂದು ಬರೀ ಕ್ಯಾಲೆಂಡರ್ ನಂಬುವವರು ಈ ಸಾಲನ್ನು ಎರಡು ಸಲ ಓದಬೇಕು.

ಈಗ ಆಸೆಯ ವಿಷಯ. ವಿಲ್ಕಾಕ್ಸ್ ತಂಡ ಕಾಪರ್-ಟಿಯಂಥ ಸಾಧನ ಹಾಕಿಸಿಕೊಂಡ ಅಥವಾ ಆಪರೇಷನ್ ಮಾಡಿಸಿಕೊಂಡ 68 ಹೆಂಗಸರ ದಿನಚರಿಯನ್ನೂ ನೋಡಿತು. ಮಗು ಬೇಕೆಂಬ ಲೆಕ್ಕಾಚಾರ ಇವರಲ್ಲಿರಲಿಲ್ಲ. ಆದರೂ ಆ ಆರು ದಿನಗಳಲ್ಲಿ ದಾಂಪತ್ಯದ ಕೂಟ ಉಳಿದ ದಿನಗಳಿಗಿಂತ ನೂರಕ್ಕೆ 24ರಷ್ಟು ಹೆಚ್ಚಿತ್ತು. ಹೆಚ್ಚಳ ನಿಜ, ಆದರೆ ಎಷ್ಟು ದೊಡ್ಡದು? ಆರು ದಿನದಲ್ಲಿ ಎರಡು ಸಲವಿದ್ದದ್ದು ಎರಡೂವರೆ ಆದಂತೆ. (ಅರ್ಧ ಸಲ ಅಂದರೇನೆಂದು ಕೇಳಬೇಡಿ, ಸರಾಸರಿಯ ಭಾಷೆಯೇ ಹಾಗೆ.) ಕ್ಯಾಲಿಫೋರ್ನಿಯದ ಸಾಂತಾ ಬಾರ್ಬರಾ ವಿಶ್ವವಿದ್ಯಾಲಯದ ಜೇಮ್ಸ್ ರೋನಿ ಮತ್ತು ಜ಼ಾಕರಿ ಸಿಮನ್ಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಂಜಲಿನ ಹಾರ್ಮೋನುಗಳನ್ನೂ ದಿನದ ಆಸೆಯನ್ನೂ ಜೋಡಿಸಿ ನೋಡಿದರು. ಈಸ್ಟ್ರೋಜನ್ ಏರಿದ ಒಂದೆರಡು ದಿನದಲ್ಲಿ ಆಸೆ ಏರುತ್ತದೆ, ಪ್ರೊಜೆಸ್ಟರಾನ್ ಬಂದಾಗ ಇಳಿಯುತ್ತದೆ. 'ಗಂಡಸಿನ ಹಾರ್ಮೋನು' ಎನ್ನುವ ಟೆಸ್ಟೋಸ್ಟೆರಾನಿಗೆ ಈ ಏರಿಳಿತದಲ್ಲಿ ಪಾತ್ರ ಕಾಣಲಿಲ್ಲ. ಎಲ್ಲರಿಗೂ ಹೀಗೇ ಎಂದಲ್ಲ. ಕೆಲವರಿಗೆ ಮುಟ್ಟಿನ ಹಿಂದಿನ ದಿನಗಳಲ್ಲೇ ಆಸೆ, ಕೆಲವರಿಗೆ ತಿಂಗಳಿಡೀ ವ್ಯತ್ಯಾಸವೇ ತಿಳಿಯದು. ರಾತ್ರಿ ಪಾಳಿ, ಎದೆಹಾಲು ಕುಡಿಯುವ ಮಗು, ಪಕ್ಕದ ಕೋಣೆಯಲ್ಲಿ ಕೆಮ್ಮುವ ಅತ್ತೆ-ಮಾವ, ಹಗಲಿನಲ್ಲಿ ಆದ ಜಗಳ: ಈಸ್ಟ್ರೋಜನ್ ಪಿಸುಗುಟ್ಟಿದ್ದು ಇವುಗಳ ಸದ್ದಿನಲ್ಲಿ ಕೇಳಿಸುವುದು ಕಷ್ಟ.

ಆಸೆಯ ಕತೆ ಇಷ್ಟಾದರೆ ಆಕರ್ಷಣೆಯದು ಬೇರೆಯೇ. 1999ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಪ್ರಬಂಧ ಬಂತು: ಆ ದಿನಗಳಲ್ಲಿ ಹೆಂಗಸರಿಗೆ ಹೆಚ್ಚು ಗಂಡಸುತನದ ಮುಖ ಹಿಡಿಸುತ್ತದೆ ಎಂದು. ಮುಂದೆ ಅಂಥವುಗಳ ಸುಗ್ಗಿಯೇ ಆಯಿತು. 2007ರಲ್ಲಿ ಅಮೆರಿಕದ ಕ್ಲಬ್ ನರ್ತಕಿಯರ ಗಳಿಕೆಯನ್ನೇ ಲೆಕ್ಕ ಹಾಕಿದರು. ಫಲವಂತಿಕೆಯ ದಿನಗಳಲ್ಲಿ ಒಂದು ಪಾಳಿಗೆ ಸುಮಾರು 335 ಡಾಲರ್, ಮುಟ್ಟಿನ ದಿನಗಳಲ್ಲಿ 185. ಜಗತ್ತಿನ ಪತ್ರಿಕೆಗಳೆಲ್ಲ ಬರೆದ ಈ ಅಧ್ಯಯನದಲ್ಲಿ ಇದ್ದವರು 18 ಜನ, ಅವರಲ್ಲಿ ಏಳು ಮಂದಿ ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದವರು. ಹನ್ನೊಂದು ಹೆಂಗಸರ ಮೇಲೆ ಇಡೀ ಸ್ತ್ರೀಕುಲದ ತೀರ್ಪು! 2012ರ ಅಕ್ಟೋಬರಿನಲ್ಲಿ, ಅಧ್ಯಕ್ಷ ಚುನಾವಣೆಯ ಹೊಸ್ತಿಲಲ್ಲಿ, ಹೆಂಗಸರ ಮತವೂ ಈ ಹಾರ್ಮೋನುಗಳ ಪ್ರಕಾರ ತೂಗಾಡುತ್ತದೆ ಎಂಬ ಅಧ್ಯಯನದ ಸುದ್ದಿಯನ್ನು ಸಿಎನ್ಎನ್ ತನ್ನ ಜಾಲತಾಣದಲ್ಲಿ ಹಾಕಿತು, ಬೈಗುಳ ತಿಂದು ಕೆಲವೇ ಗಂಟೆಗಳಲ್ಲಿ ತೆಗೆಯಿತು.

ಇವುಗಳಲ್ಲಿ ಅನೇಕ ಅಧ್ಯಯನಗಳು ಎಡವಿದ್ದು ಎಲ್ಲಿ ಗೊತ್ತೇ? ನಮ್ಮ ಹದಿನಾಲ್ಕನೇ ದಿನದಲ್ಲಿಯೇ. 'ಹಿಂದಿನ ಮುಟ್ಟು ಯಾವಾಗ ಆಯಿತು' ಎಂದು ಕೇಳಿ, ಬೆರಳೆಣಿಸಿ, ಇವಳು ಫಲವಂತಿಕೆಯ ದಿನದಲ್ಲಿದ್ದಾಳೆ, ಅವಳಿಲ್ಲ ಎಂದು ವಿಂಗಡಿಸಿದ್ದರು. ಹಾರ್ಮೋನು ಅಳೆದವರು ಕಡಿಮೆ. ಗ್ಲಾಸ್ಗೋ ವಿಶ್ವವಿದ್ಯಾಲಯದ ಬೆನೆಡಿಕ್ಟ್ ಜೋನ್ಸ್ ತಂಡ 584 ಹೆಂಗಸರ ಎಂಜಲಿನಲ್ಲಿ ಹಾರ್ಮೋನು ಅಳೆದು 2018ರಲ್ಲಿ ವರದಿ ಮಾಡಿತು: ಗಡಸು ಮುಖದ ಮೇಲಿನ ಒಲವಿಗೂ ಹಾರ್ಮೋನುಗಳ ಏರಿಳಿತಕ್ಕೂ ಸಂಬಂಧ ಕಾಣಲಿಲ್ಲ. ಜರ್ಮನಿಯ ಗಟಿಂಗೆನ್ನಿನ ಸಂಶೋಧಕರು ಗಂಡಸರ ಮೈಕಟ್ಟು, ದನಿಗಳನ್ನು ಇಟ್ಟು ನೋಡಿದಾಗಲೂ ಅಷ್ಟೇ. ಆದರೆ ಜೋನ್ಸ್ ತಂಡ ಅದೇ ವರ್ಷ ಇನ್ನೊಂದು ಪ್ರಬಂಧದಲ್ಲಿ ಒಪ್ಪಿಕೊಂಡ ಮಾತಿದೆ: ಒಟ್ಟಾರೆ ಲೈಂಗಿಕ ಆಸೆ ಮಾತ್ರ ಹಾರ್ಮೋನಿನ ಜೊತೆ ಏರಿಳಿಯುತ್ತದೆ. ನನ್ನ ತೀರ್ಪೂ ಅದೇ. ಆ ದಿನಗಳಲ್ಲಿ ಆಸೆ ತುಸು ಹೆಚ್ಚುವುದು ನಿಜ; ಗಂಡಸರ ಬಗೆಗಿನ ರುಚಿ ಬದಲಾಗುತ್ತದೆ ಎನ್ನುವುದಕ್ಕೆ ಸಾಕ್ಷಿ ನಿಲ್ಲಲಿಲ್ಲ.

ಗರ್ಭನಿರೋಧಕಗಳಾದ ಮಾಲಾ-ಡಿ, ಮಾಲಾ-ಎನ್ ಮಾತ್ರೆಗಳು, ಅಂತರಾ ಇಂಜೆಕ್ಷನ್ ಮುಖ್ಯವಾಗಿ ಅಂಡಾಣು ಬಿಡುಗಡೆಯನ್ನೇ ತಡೆಯುವುದರಿಂದ ಅವುಗಳನ್ನು ಬಳಸುವವರಲ್ಲಿ ಈ ಏರಿಳಿತ ಇರುವುದಿಲ್ಲ. ಛಾಯಾ ಎಂಬ ಗರ್ಭನಿರೋಧಕ ಮಾತ್ರೆ ಹಾರ್ಮೋನಿನದಲ್ಲ. ಅದನ್ನು ತೆಗೆದುಕೊಳ್ಳುವವರಲ್ಲಿ ಅಂಡಾಣು ಬಿಡುಗಡೆ ಸಾಮಾನ್ಯವಾಗಿ ನಡೆಯುತ್ತಲೇ ಇರುತ್ತದೆ.

ಮಗು ಬೇಕೆಂದು ಕಾಯುತ್ತಿರುವ ಜೋಡಿಗಳಿಗೆ ಒಂದು ಮಾತು. 'ಇವತ್ತೇ ಆಗಬೇಕು' ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ರಾತ್ರಿಯಲ್ಲಿ ಇಬ್ಬರಿಗೂ ಆಸೆ ಹುಟ್ಟುವುದಿಲ್ಲ ಎಂಬುದು ಅನುಭವಿಸಿದವರಿಗೆ ಗೊತ್ತು. ದಿನ ಹಿಡಿಯುವ ಗೋಜು ಬೇಡ. ಎರಡು-ಮೂರು ದಿನಕ್ಕೊಮ್ಮೆ ಕೂಡಿದರೆ ಆ ಆರು ದಿನ ತಪ್ಪಿಹೋಗುವ ಹೆದರಿಕೆಯಿಲ್ಲ. ವರ್ಷವಾದರೂ ನಿಲ್ಲದಿದ್ದರೆ, ಆಕೆಗೆ 35 ದಾಟಿದ್ದರೆ ಆರು ತಿಂಗಳಿಗೇ, ಡಾಕ್ಟರ ಹತ್ತಿರ ಹೋಗಿ. ಆಕೆಯೊಬ್ಬಳನ್ನೇ ಸ್ಕ್ಯಾನಿಂಗ್ ಸಾಲಿನಲ್ಲಿ ಕೂರಿಸಬೇಡಿ. ಗಂಡನ ವೀರ್ಯ ಪರೀಕ್ಷೆಯೂ ಅದೇ ವಾರ ಆಗಲಿ.