ಸೌದೆಯೊಳಗಣ ಬೆಂಕಿ

ಶ್ವೇತಾಂಬರ ಆಗಮವಾದ ‘ರಾಜಪ್ರಶ್ನೀಯ ಸೂತ್ರ’ದಲ್ಲಿ ಪ್ರದೇಶಿ ಎಂಬ ರಾಜನ ಕಥೆ ಬರುತ್ತದೆ. ದೇಹದಿಂದ ಬೇರೆಯಾದ ಆತ್ಮವಿಲ್ಲವೆಂದು ಸಾಧಿಸಲು ಆತ ನಗರರಕ್ಷಕರು ಹಿಡಿದು ತಂದ ಕಳ್ಳರನ್ನೇ ಪರೀಕ್ಷೆಗೆ ಒಡ್ಡಿದನು. ಒಬ್ಬನನ್ನು ಸಾವಿಗೆ ಮುನ್ನವೂ ಅನಂತರವೂ ತೂಗಿಸಿದನು; ಮತ್ತೊಬ್ಬನನ್ನು ಸೀಳಿಸಿ ನೋಡಿದನು. ಜೀವವೆಲ್ಲಿಯೂ ಕಾಣಲಿಲ್ಲ. ಸೌದೆಯನ್ನು ಚೂರುಚೂರಾಗಿ ಕಡಿದು ಬೆಂಕಿಯನ್ನು ಹುಡುಕುವವನಂತೆ ನೀನು ಎಂದು ಕೇಶಿ ಶ್ರಮಣರು ಅವನ ಕಣ್ಣು ತೆರೆಸಿದರು.

ಕಥೆ ಹಳೆಯದು, ಪ್ರಶ್ನೆ ಇಂದಿನದು. ಆರೋಪಿಯ ಮಿದುಳಿನ ಅಲೆಗಳಲ್ಲಿ ಅಪರಾಧದ ನೆನಪನ್ನು ಹುಡುಕುವ ‘ಬ್ರೈನ್ ಮ್ಯಾಪಿಂಗ್’ ನಮ್ಮ ತನಿಖೆಗಳಲ್ಲಿ ಬಳಕೆಯಾಗಿದೆ. ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್, ಇದನ್ನೂ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆಗಳನ್ನೂ ಒಪ್ಪಿಗೆಯಿಲ್ಲದೆ ನಡೆಸಕೂಡದೆಂದು ತೀರ್ಪಿತ್ತಿತು. ಪರರ ಅಂತರಂಗವನ್ನು ಬಲವಂತದಿಂದ ಬಗೆಯುವುದೂ ಹಿಂಸೆಯೇ ಎಂದು ನಂಬುವವರಿಗೆ ಈ ತೀರ್ಪು ಸಮ್ಮತವಾಗಲೇಬೇಕು.

ಇನ್ನೂ ಕಠಿಣವಾದ ಪ್ರಶ್ನೆಯೊಂದಿದೆ. ಮನೋರೋಗಿಯ ಕೈಯಿಂದ ಕೊಲೆ ನಡೆದರೆ ಹೊಣೆ ಯಾರದು? ಚಿತ್ತಸ್ವಾಸ್ಥ್ಯವಿಲ್ಲದೆ, ಕೃತ್ಯದ ಸ್ವರೂಪವನ್ನಾಗಲಿ ಅದು ತಪ್ಪೆಂಬುದನ್ನಾಗಲಿ ಆ ಹೊತ್ತಿನಲ್ಲಿ ಅರಿಯಲಾರದವನನ್ನು ಭಾರತೀಯ ನ್ಯಾಯ ಸಂಹಿತೆಯ 22ನೇ ಸೆಕ್ಷನ್ ಅಪರಾಧಿಯೆನ್ನುವುದಿಲ್ಲ. ಜೈನ ದರ್ಶನವೂ ಕೃತ್ಯದ ಹಿಂದಣ ಭಾವವನ್ನೇ ಮೊದಲು ನೋಡುತ್ತದೆ. ಜನ್ನನ ಕಾವ್ಯದ ಯಶೋಧರ ಬಲಿಯಿತ್ತದ್ದು ಹಿಟ್ಟಿನ ಕೋಳಿಯನ್ನು. ಆ ಸಂಕಲ್ಪಹಿಂಸೆಗೇ ಜನ್ಮಜನ್ಮಾಂತರ ತೊಳಲಿದನು. ಸಂಕಲ್ಪಕ್ಕೆ ಅಷ್ಟು ಭಾರವಿದ್ದರೆ, ಸಂಕಲ್ಪಿಸುವ ಶಕ್ತಿಯೇ ಕದಡಿಹೋದವನನ್ನು ಅದೇ ತಕ್ಕಡಿಯಲ್ಲಿ ತೂಗಲಾದೀತೆ? ಅವನ ಕರ್ಮಬಂಧದ ಲೆಕ್ಕ ಕೇವಲಜ್ಞಾನಿಗಳಿಗೆ ಗೋಚರ, ನ್ಯಾಯಪೀಠಕ್ಕಲ್ಲ.

ಹಾಗೆಂದು ‘ಎಲ್ಲವೂ ಮಿದುಳಿನ ಆಟ, ಯಾರಿಗೂ ಹೊಣೆಯಿಲ್ಲ’ ಎಂಬುದು ಏಕಾಂತವಾದ. ‘ರೋಗವೆಂಬುದು ಬರಿಯ ನೆಪ’ ಎಂಬುದೂ ಏಕಾಂತವೇ. ಜ್ಞಾನಾವರಣೀಯ, ಮೋಹನೀಯ ಕರ್ಮಗಳು ಅರಿವನ್ನು ಮುಸುಕುತ್ತವೆಯೇ ಹೊರತು ಚೈತನ್ಯವನ್ನು ಅಳಿಸಲಾರವು. ಮಿದುಳಿನ ಚಿತ್ರ ಒಂದು ನಯ ಮಾತ್ರ. ವೈದ್ಯರ ವರದಿ, ಸಾಕ್ಷಿಗಳ ನುಡಿ, ನೊಂದ ಕುಟುಂಬದ ಅಳಲು ಇವೆಲ್ಲ ಕೂಡಿದಾಗಲೇ ಅನೇಕಾಂತದ ನ್ಯಾಯ.

ಮನೋರೋಗವನ್ನು ಪೂರ್ವಕರ್ಮದ ಫಲವೆಂದು ಹೇಳಿ ಕೈತೊಳೆದುಕೊಳ್ಳುವವರು ನಮ್ಮಲ್ಲಿಯೂ ಉಂಟು. ಕರ್ಮಸಿದ್ಧಾಂತವಿರುವುದು ನಮ್ಮನ್ನು ನಾವು ತಿದ್ದಿಕೊಳ್ಳಲು, ಪರರನ್ನು ದಂಡಿಸಲು ಅಲ್ಲ. ಕರ್ಮವು ತಾನಾಗಿಯೇ ಫಲವೀಯುತ್ತದೆ. ಅದಕ್ಕೆ ನೇಣುಹಗ್ಗ ಹಿಡಿಯುವ ಸಹಾಯಕರು ಬೇಕಿಲ್ಲ. ಮನೋರೋಗವು ಮರಣದಂಡನೆಯನ್ನು ಜೀವಾವಧಿಗೆ ಇಳಿಸಲು ಕಾರಣವಾಗಬಲ್ಲದೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಈ ದಾರಿಯಲ್ಲೇ ಇದೆ. ಅಪಾಯಕಾರಿಯಾದವನನ್ನು ಜನರಿಂದ ದೂರವಿರಿಸಬೇಕು, ನಿಜ. ಆದರೆ ಚಿಕಿತ್ಸೆಯಿಂದ ದೂರವಿರಿಸಬಾರದು. ನಾವು ಕೊಂಡಾಡುವ ಔಷಧದಾನ, ಅಭಯದಾನಗಳು ಸೆರೆಮನೆಯ ಬಾಗಿಲಲ್ಲೇ ನಿಂತುಬಿಡಬಾರದು.

ಕಳ್ಳರನ್ನು ಸೀಳಿ ನೋಡಿದ ಪ್ರದೇಶಿಯೇ ಕೊನೆಗೆ ಶ್ರಾವಕನಾದನು. ಅವನಿಗಿದ್ದ ಆ ಅವಕಾಶ ಪ್ರತಿಯೊಂದು ಜೀವಕ್ಕೂ ಇದೆ.