ಆಮೆಮರಿ ಸಿಕ್ಕರೆ ಮನೆಗೆ ತರಬೇಡಿ

ಮುಂಗಾರು ಹಿಡಿದ ಮೇಲೆ ಕೆರೆಯಂಗಳದಲ್ಲಿ, ಗದ್ದೆಯ ಬದುವಿನಲ್ಲಿ, ಕುರುಚಲು ಕಾಡಿನಂಚಿನ ಹೊಲಗಳಲ್ಲಿ, ಒಮ್ಮೊಮ್ಮೆ ಹೊಸ ಬಡಾವಣೆಗಳ ರಸ್ತೆಯ ಮೇಲೂ ಅಂಗೈಯೊಳಗೆ ಹಿಡಿಸುವಂಥ ಆಮೆಮರಿಗಳು ಕಾಣಿಸಿಕೊಳ್ಳುತ್ತವೆ. ಕಂಡವರು ಅದನ್ನು ಬಕೆಟ್ಟಿನಲ್ಲಿ ಹಾಕಿಕೊಂಡು ಮನೆಗೆ ತರುತ್ತಾರೆ, ಇಲ್ಲವೇ ಹತ್ತಿರದ ಕೆರೆಗೆ ಬಿಟ್ಟುಬರುತ್ತಾರೆ. ಎರಡರ ಹಿಂದೆಯೂ ಮರುಕವಿದೆ. ಎರಡರಿಂದಲೂ ಮರಿ ಸಾಯಬಹುದು. ಗಾಯಗೊಳ್ಳದ, ಕೂಡಲೇ ಅಪಾಯವಿಲ್ಲದ ಮರಿಯನ್ನು ಇದ್ದಲ್ಲೇ ಬಿಟ್ಟು ಹೋಗುವುದು ಸರಿಯಾದ ದಾರಿ. ಮುಟ್ಟಲೇಬೇಕಾದ ಸಂದರ್ಭ ಬಂದರೆ ಅದು ಯಾವ ಬಗೆಯ ಆಮೆಯೆಂದು ಮೊದಲು ನೋಡಿ, ಆದಷ್ಟು ಕಡಿಮೆ ದೂರ ಸರಿಸಬೇಕು.

ಮರಿ ಒಂಟಿಯಾಗಿದೆ, ತಾಯಿ ಬಿಟ್ಟುಹೋಗಿದೆ ಎಂಬುದು ಮನೆಗೆ ತರುವವರು ಹೇಳುವ ಮೊದಲ ಕಾರಣ. ಆದರೆ ನಮ್ಮ ಸುತ್ತಲಿನ ಆಮೆಗಳಲ್ಲಿ ತಾಯಿ ಮರಿಯನ್ನು ಸಾಕುವ ಪದ್ಧತಿಯೇ ಇಲ್ಲ. ಮಣ್ಣು ತೋಡಿ ಮೊಟ್ಟೆಯಿಟ್ಟು, ಮುಚ್ಚಿ ಹೋದರೆ ಅದರ ಪಾಲಿನ ಕೆಲಸ ಮುಗಿಯಿತು. ಮೊಟ್ಟೆಯೊಡೆದು ಹೊರಬರುವ ಮರಿ, ಎಲ್ಲಿ ಅಡಗಬೇಕು, ಏನು ತಿನ್ನಬೇಕು ಎಂಬುದನ್ನು ಹುಟ್ಟಿನಿಂದಲೇ ಬಲ್ಲದು. ಒಂಟಿಯಾಗಿರುವ ಆಮೆಮರಿ ಅನಾಥವಲ್ಲ, ತನ್ನ ಪಾಡಿಗೆ ತಾನು ಬದುಕುತ್ತಿದೆ ಅಷ್ಟೆ. ಕಾಗೆಯೋ ಹದ್ದೋ ತಿಂದುಬಿಟ್ಟರೆ ಎಂಬ ಆತಂಕ ಇದಕ್ಕಿಂತ ತೂಕದ್ದು. ಬಹುಪಾಲು ಮರಿಗಳು ಹಾಗೆ ಸಾಯುವುದು ನಿಜ. ಆದರೆ ಆ ನಷ್ಟವನ್ನು ಲೆಕ್ಕಕ್ಕೆ ಹಿಡಿದೇ ಆಮೆಗಳ ಬದುಕು ರೂಪುಗೊಂಡಿದೆ: ಉಳಿದ ಕೆಲವೇ ಮರಿಗಳು ದಶಕಗಟ್ಟಲೆ ಬದುಕಿ, ವರ್ಷ ವರ್ಷವೂ ಮೊಟ್ಟೆಯಿಟ್ಟು ಕೊರತೆ ತುಂಬುತ್ತವೆ. ಕಾಗೆಯ ಬಾಯಿಂದ ತಪ್ಪಿಸಿ ಅಕ್ವೇರಿಯಂಗೆ ಹಾಕಿದ ಮರಿ ಜೀವಂತವಿದ್ದರೂ ಮುಂದೆಂದೂ ಆ ಕೆರೆಯಲ್ಲಿ ಮೊಟ್ಟೆಯಿಡುವುದಿಲ್ಲ. ಕೆರೆಯ ಮಟ್ಟಿಗೆ ಅದು ಸತ್ತಂತೆಯೇ.

ಸಾವಿರದಲ್ಲಿ ಒಂದನ್ನು ತಂದರೆ ಏನಾದೀತು ಎಂದು ಕೇಳುವವರಿಗೆ ಅಮೆರಿಕದ ಎರಡು ಅಧ್ಯಯನಗಳಲ್ಲಿ ಉತ್ತರವಿದೆ. ಮಿಷಿಗನ್‌ನಲ್ಲಿ ಬ್ಲಾಂಡಿಂಗ್ಸ್ ಎಂಬ ಆಮೆಗಳನ್ನು ದಶಕಗಳ ಕಾಲ ಗಮನಿಸಿದ ವಿಜ್ಞಾನಿಗಳು 1993ರಲ್ಲಿ ಪ್ರಕಟಿಸಿದ ಪ್ರಕಾರ, ಹೆಣ್ಣು ಪ್ರಾಯಕ್ಕೆ ಬರಲು 14ರಿಂದ 20 ವರ್ಷ ಬೇಕು. ಎಳೆಯ ಆಮೆಗಳೂ ದೊಡ್ಡವೂ ಹೆಚ್ಚಿನ ಪ್ರಮಾಣದಲ್ಲಿ ಬದುಕುಳಿಯದಿದ್ದರೆ ಸಂತತಿ ಉಳಿಯುವುದಿಲ್ಲ. ಕನೆಕ್ಟಿಕಟ್‌ನಲ್ಲಿ ಕಾಡಾಮೆಗಳ ಎರಡು ಗುಂಪುಗಳಿದ್ದ ಜಾಗವನ್ನು 1983ರಲ್ಲಿ ನಡಿಗೆಗೆ ಮತ್ತು ಮೀನು ಹಿಡಿಯಲು ಬರುವವರಿಗೆ ತೆರೆಯಲಾಯಿತು. ಕಾಡು ಕಡಿಯಲಿಲ್ಲ, ನೀರು ಕೆಡಲಿಲ್ಲ. ಆದರೂ ಹತ್ತು ವರ್ಷದೊಳಗೆ ಎರಡೂ ಗುಂಪುಗಳು ನಿರ್ನಾಮವಾದವು. ಜನ ಎತ್ತಿಕೊಂಡು ಹೋದದ್ದು, ನಾಯಿಗಳ ಕಾಟ, ವಾಹನಗಳು ಇದಕ್ಕೆ ಕಾರಣವಾಗಿರಬೇಕೆಂದು ಸಂಶೋಧಕರು ಊಹಿಸಿದರು. ಬಂದವರಲ್ಲಿ ಯಾರೂ ಆಮೆಗಳನ್ನು ಅಳಿಸಿಹಾಕಲೆಂದು ಬಂದಿರಲಿಲ್ಲ. ಒಂದೇ ತಾನೆ ಎಂಬ ಮಾತನ್ನು ಹಲವರು ಹೇಳಿದಾಗ ಲೆಕ್ಕ ಎಲ್ಲಿಗೆ ಮುಟ್ಟುತ್ತದೆ ಎಂಬುದು ಇಲ್ಲಿ ಕಾಣುತ್ತದೆ.

ಮನೆಯಲ್ಲಾದರೂ ಮರಿ ಚೆನ್ನಾಗಿರುತ್ತದೆಯೇ? ಆಮೆಯ ಚಿಪ್ಪು ಮೂಳೆಯೇ. ಅದು ಗಟ್ಟಿಯಾಗಲು ಸುಣ್ಣದ ಅಂಶ ಬೇಕು, ಗಾಜು ಅಡ್ಡವಿಲ್ಲದ ನೇರ ಬಿಸಿಲು ಬೇಕು. ಅನ್ನ, ಬ್ರೆಡ್ಡು, ಸೌತೆಕಾಯಿ ಹಾಕಿ ಮನೆಯೊಳಗೆ ಸಾಕಿದ ಮರಿಯ ಚಿಪ್ಪು ಮೆತ್ತಗಾಗಿ ವಕ್ರವಾಗುತ್ತದೆ, ಕಾಲುಗಳು ಬಲ ಕಳೆದುಕೊಳ್ಳುತ್ತವೆ. ಆಮೆ ಮೌನಜೀವಿಯಾದ್ದರಿಂದ ಈ ನರಳಾಟ ತಿಂಗಳುಗಟ್ಟಲೆ ಯಾರ ಗಮನಕ್ಕೂ ಬಾರದು. ಅದರ ಮೈಮೇಲಿನ ಸಾಲ್ಮೊನೆಲ್ಲ ಬ್ಯಾಕ್ಟೀರಿಯಾ ಮಕ್ಕಳಿಗೆ ವಾಂತಿ ಭೇದಿ ತರಬಲ್ಲದು. ಇದೇ ಕಾರಣಕ್ಕೆ ಅಮೆರಿಕ 1975ರಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟವನ್ನು ನಿಷೇಧಿಸಿತು. ಆಮೆ ಮನೆಗೆ ಅದೃಷ್ಟ ತರುತ್ತದೆಂಬ ನಂಬಿಕೆಯಿಂದ ಸಾಕುವವರೂ ಇದ್ದಾರೆ. ಕೂರ್ಮಾವತಾರಕ್ಕೆ ಕೈಮುಗಿಯುವವರು ಜೀವಂತ ಆಮೆಯನ್ನು ಟಬ್ಬಿನಲ್ಲಿ ಕೂಡಿಹಾಕುವುದು ಭಕ್ತಿಗೆ ಒಪ್ಪುವ ಮಾತಲ್ಲ.

ಹಾಗಾದರೆ ಕೆರೆಗೆ ಬಿಟ್ಟರಾಯಿತಲ್ಲ ಎನ್ನಬಹುದು. ಅಲ್ಲೇ ಇರುವುದು ದೊಡ್ಡ ತೊಡಕು. ನಮ್ಮ ಬಯಲುಸೀಮೆಯ ನಕ್ಷತ್ರ ಆಮೆ ನೆಲದ ಪ್ರಾಣಿ. ಉಬ್ಬಿದ ಚಿಪ್ಪಿನ ಮೇಲೆ ಹಳದಿ ಗುರುತುಗಳು, ಬೆರಳುಗಳ ನಡುವೆ ಪೊರೆಯಿಲ್ಲದ ಮೋಟು ಕಾಲುಗಳು. ಹುಲ್ಲು, ಎಲೆ ಮೇಯುವ ಅದಕ್ಕೆ ಈಜು ಬಾರದು. ಆಳದ ನೀರಿಗೆ ಬಿಟ್ಟರೆ ಮುಳುಗಿ ಸಾಯುತ್ತದೆ. ಕೆರೆ ಗದ್ದೆಗಳ ಮೃದುಚಿಪ್ಪಿನ ಆಮೆ ಬೇರೆಯದೇ ಬಗೆ. ಚಪ್ಪಟೆ ಮೈ, ಚರ್ಮ ಹೊದ್ದ ಚಿಪ್ಪು, ಪೊರೆಯಿರುವ ಬೆರಳುಗಳು. ಹಿಂಗಾಲನ್ನು ಒಳಗೆಳೆದುಕೊಂಡಾಗ ಹೊಟ್ಟೆಯ ಕಡೆಯ ಎರಡು ಚರ್ಮದ ಮುಚ್ಚಳಗಳು ಅದನ್ನು ಮುಚ್ಚಿಬಿಡುತ್ತವೆ. ಇದು ರಸ್ತೆ ದಾಟುತ್ತಿದ್ದರೆ, ಹೊರಟ ದಿಕ್ಕಿನ ಬದಿಗೇ ದಾಟಿಸಿ ಬಿಟ್ಟರೆ ಸಾಕು. ಕರಾವಳಿಯ ಮರಳಿನಲ್ಲಿ ರಾತ್ರಿ ಹೊರಬರುವ ಕಡಲಾಮೆಯ ಮರಿಗಳನ್ನು ಎತ್ತಿ ನೀರಿಗೆ ಹಾಕುವುದು ಬೇಡ. ಅವು ಬೆಳಕಿನತ್ತ ಸಾಗುವುದರಿಂದ ದೀಪ, ಟಾರ್ಚು ಆರಿಸಿ ದಾರಿ ಬಿಡುವುದೇ ನಾವು ಮಾಡಬಹುದಾದ ಉಪಕಾರ. ಇನ್ನು ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ಹಸಿರು ಮರಿ ಸಿಕ್ಕರೆ ಅದು ಅಮೆರಿಕ ಮೂಲದ್ದು, ಯಾರೋ ಅಂಗಡಿಯಿಂದ ತಂದು ಬೇಸತ್ತು ಬಿಟ್ಟದ್ದು. ಅದನ್ನು ಮಾತ್ರ ಯಾವ ಕಾರಣಕ್ಕೂ ಮರಳಿ ನೀರಿಗೆ ಬಿಡಬಾರದು, ಏಕೆಂದರೆ ಅದು ನಮ್ಮ ಆಮೆಗಳ ಆಹಾರಕ್ಕೂ ಜಾಗಕ್ಕೂ ಪೈಪೋಟಿ ಕೊಡುತ್ತದೆ.

ಮರಿಗೆ ಗಾಯವಾಗಿದ್ದರೆ, ಸುತ್ತಲಿನ ನೆಲೆಯೇ ಕಟ್ಟಡದ ಪಾಲಾಗಿದ್ದರೆ ಅಥವಾ ಅದು ವಿದೇಶಿ ಆಮೆಯಾಗಿದ್ದರೆ ನಾವು ಮಧ್ಯೆ ಬರಬೇಕಾಗುತ್ತದೆ. ಗಾಳಿಯಾಡುವ ರಟ್ಟಿನ ಡಬ್ಬದಲ್ಲಿ ನೆರಳಿಗಿಟ್ಟು ಅರಣ್ಯ ಇಲಾಖೆಗೆ ತಿಳಿಸಬೇಕು. ಕರ್ನಾಟಕದಲ್ಲಿ ಸಹಾಯವಾಣಿ ಸಂಖ್ಯೆ 1926. ಹೇಳಿದರೆ ನಮ್ಮ ಮೇಲೇ ಕೇಸು ಬಿದ್ದೀತೆಂಬ ಭಯಕ್ಕೆ ಆಧಾರವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ, ಕಾಡುಪ್ರಾಣಿ ಕೈಗೆ ಬಂದವರು 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅಧಿಕೃತ ಅಧಿಕಾರಿಗೋ ತಿಳಿಸಬೇಕೆಂದು ಹೇಳುತ್ತದೆ. ಕಾನೂನು ಹಿಡಿಯುವುದು ತಿಳಿಸಿದವರನ್ನಲ್ಲ, ಇಟ್ಟುಕೊಂಡವರನ್ನು. ನಕ್ಷತ್ರ ಆಮೆ 2022ರ ತಿದ್ದುಪಡಿಯ ಬಳಿಕ ಮೊದಲ ಅನುಸೂಚಿಯಲ್ಲಿದೆ. ಅಪರಾಧ ಸಾಬೀತಾದರೆ ಕನಿಷ್ಠ ಮೂರು ವರ್ಷ ಜೈಲು. ಈ ಬಿಗಿಗೆ ಕಾರಣವಿದೆ. ಆಂಧ್ರಪ್ರದೇಶದ ಒಂದೇ ಕೇಂದ್ರದಿಂದ ವರ್ಷಕ್ಕೆ 55,000ಕ್ಕೂ ಹೆಚ್ಚು ನಕ್ಷತ್ರ ಆಮೆಗಳು ಕಳ್ಳಸಾಗಣೆಯಾಗುತ್ತಿದ್ದವೆಂದು 2015ರ ಅಧ್ಯಯನವೊಂದು ಅಂದಾಜಿಸಿತ್ತು. ಕೂಡಿಸಿ ಸಾಗಿಸುವವರು ಬೇರೆ ಇದ್ದರೂ ಮೊದಲಿಗೆ ಅವನ್ನು ಹೊಲದಲ್ಲಿ ಕಂಡು ಎತ್ತಿಕೊಳ್ಳುವ ಕೈ ಊರಿನದೇ.

ಮಕ್ಕಳ ಕುತೂಹಲಕ್ಕೆ ತಣ್ಣೀರೆರಚಿದಂತಾಗುತ್ತದೆ ಎಂಬ ಆಕ್ಷೇಪಕ್ಕೂ ಉತ್ತರ ಕೊಡಬೇಕು. ಟಬ್ಬಿನ ಮೂಲೆಯಲ್ಲಿ ಮುದುಡಿ ಕೂತ ಆಮೆಯಿಂದ ಮಗು ಕಲಿಯುವುದು ಕಡಿಮೆ. ಅದೇ ಆಮೆ ಕೆರೆಯ ದಂಡೆಯ ಕಲ್ಲಿನ ಮೇಲೆ ಬಿಸಿಲು ಕಾಯಿಸುವುದನ್ನು, ಸದ್ದಾದೊಡನೆ ನೀರಿಗೆ ಜಾರುವುದನ್ನು ದೂರದಿಂದ ನೋಡಿದ ಮಗು ಆಮೆಯ ಜೊತೆಗೆ ಕೆರೆಯನ್ನೂ ಅರಿಯುತ್ತದೆ. ಹೊಣೆ ಕಂಡವರೊಬ್ಬರದೇ ಅಲ್ಲ. ಸಹಾಯವಾಣಿಯ ಸಂಖ್ಯೆ, ನಮ್ಮ ಆಮೆಗಳ ಚಿತ್ರ ಮತ್ತು ಎರಡು ಸಾಲಿನ ಸೂಚನೆ ಇರುವ ಫಲಕವನ್ನು ಪಂಚಾಯಿತಿಗಳು ಪ್ರತಿ ಕೆರೆಯ ಬಳಿ, ಕಡಲತೀರದಲ್ಲಿ ಹಾಕಬೇಕು. ಕರೆ ಬಂದಾಗ ಅರಣ್ಯ ಇಲಾಖೆ ತಡಮಾಡದೆ ಸ್ಪಂದಿಸಬೇಕು. ಮರಿ ಕಂಡ ಆ ಗಳಿಗೆಯಲ್ಲಿ ಮಾತ್ರ ನಿರ್ಧಾರ ನಮ್ಮದು. ಅಪಾಯವಿಲ್ಲವೆಂದರೆ ಮುಟ್ಟದಿರೋಣ, ಇದೆಯೆಂದರೆ ತಿಳಿದವರಿಗೆ ಒಪ್ಪಿಸೋಣ. ಮನೆಗಂತೂ ತರುವುದು ಬೇಡ.