ಪಥನಿರ್ಮಾಣವೂ ಸುಶಿಕ್ಷಿತರ ಕರ್ತವ್ಯವೂ

ಅನ್ನದಾನವನ್ನೂ ವಿದ್ಯಾದಾನವನ್ನೂ ಬಾಯ್ತುಂಬ ಕೊಂಡಾಡುವ ನಾವು ಶ್ರಮದಾನದ ಮಾತು ಬಂದೊಡನೆ ಮೌನವ್ರತವನ್ನು ಕೈಕೊಳ್ಳುವದೇಕೆ? ಸೂಡಿಯ ಜೋಡುಕಳಸದ ಗುಡಿ, ಮಲ್ಲಿಕಾರ್ಜುನ ದೇವಾಲಯ, ನಾಗಕುಂಡ ಇವುಗಳನ್ನು ಕಂಡ ಪಾದಚಾರಿಯು ಅಲ್ಲಿಂದ ಗಜೇಂದ್ರಗಡದ ಕಾಲಕಾಲೇಶ್ವರನ ಬೆಟ್ಟದವರೆಗೆ ನಿರ್ಭಯನಾಗಿ ನಡೆದು ಹೋಗುವಂಥ ಒಂದು ಕಾಲುದಾರಿಯನ್ನು ನಾವು ನಮ್ಮ ಕೈಗಳಿಂದಲೇ ಮಾಡಬೇಕೆಂಬುದು ನನ್ನ ಪಕ್ಷ. ಇದಕ್ಕೆ ಸುಶಿಕ್ಷಿತರು ಒಡ್ಡುವ ಆಕ್ಷೇಪಗಳು ಮೂರು.

ಮೋಟಾರುಗಳ ಈ ಕಾಲದಲ್ಲಿ ನಡೆಯುವವರಾರು ಎಂಬುದು ಮೊದಲನೆಯದು. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಕಾಲ್ನಡೆಯಾಗಿ ಹೊರಡುವ ನಮ್ಮ ಸೀಮೆಯ ಜನಸಮೂಹವನ್ನು ಕಂಡವರು ಈ ಪ್ರಶ್ನೆಯನ್ನು ಕೇಳಲಾರರು. ಆ ಯಾತ್ರಿಕರಿಗೆ ಹಾದಿಯುದ್ದಕ್ಕೂ ನೀರು ಮಜ್ಜಿಗೆಗಳನ್ನಿತ್ತು, ದಣಿದವರ ಕಾಲೊತ್ತುವದನ್ನು ಪುಣ್ಯವೆಂದೆಣಿಸುವವರು ನಾವಲ್ಲವೇ? ಕಾಲೊತ್ತುವದು ಪುಣ್ಯವಾದರೆ, ಆ ಕಾಲಿಗೆ ಚುಚ್ಚುವ ಮುಳ್ಳನ್ನು ಮೊದಲೇ ತೆಗೆಯುವದು ಪುಣ್ಯವಲ್ಲವೇ?

ಇದು ಸರಕಾರದ ಕೆಲಸವೆಂಬುದು ಎರಡನೆಯದು. ಹೆದ್ದಾರಿಯನ್ನು ಸರಕಾರವೇ ಮಾಡಲಿ. ಆದರೆ ನಮ್ಮ ಎರೆಯ ನೆಲದ ಗುಣವನ್ನು ಬಲ್ಲವರು ವಿಚಾರಿಸಬೇಕು. ಮಳೆಗೆ ಅದು ಅಂಟಾಗಿ ಕಾಲನ್ನು ಹಿಡಿಯುವದು, ಬೇಸಿಗೆಗೆ ಬಿರಿಯುವದು. ಹಾದಿಯಲ್ಲಿ ನೀರು ನಿಂತರೆ ಹಾದಿ ಕೆಸರು. ಹರಿದರೆ ಹಾದಿಯೇ ಹಳ್ಳ. ಆದುದರಿಂದ ಪ್ರತಿ ವರ್ಷವೂ ರೋಹಿಣಿ ಮಳೆಗೆ ಮೊದಲು ಬದಿಯ ಕಾಲುವೆಯನ್ನು ತೋಡಿ, ತಗ್ಗಿಗೆ ಕಲ್ಲು ತುಂಬಿ, ಜಾಲಿಯನ್ನು ಸವರುವವರು ಬೇಕು. ಒಮ್ಮೆ ಮಾಡಿ ಬಿಲ್ಲು ಪಡೆದು ಹೋಗುವ ಗುತ್ತಿಗೆದಾರನಿಂದ ಇದು ಸಾಧಿಸದು. ಅಮೇರಿಕದಲ್ಲಿ ಬೆಂಟನ್ ಮೆಕಾಯ್ ಎಂಬವರು 1921ರಲ್ಲಿ ಸೂಚಿಸಿದ ಅಪಲಾಚಿಯನ್ ಕಾಲುದಾರಿಯು 1937ರಲ್ಲಿ ಕೂಡಿಬಂದಿತು. ಸುಮಾರು 3,500 ಕಿಲೋಮೀಟರುಗಳ ಆ ಹಾದಿಯನ್ನು ಇಂದಿಗೂ ಬಹುಮಟ್ಟಿಗೆ ಸ್ವಯಂಸೇವಕರ ಸಂಘಗಳೇ ತಮ್ಮ ತಮ್ಮ ಪಾಲನ್ನು ಹಂಚಿಕೊಂಡು ಕಾಯುತ್ತಿವೆ. ಧನಿಕ ದೇಶದವರೇ ಸ್ವತಃ ಗುದ್ದಲಿ ಹಿಡಿದರೆ, ನಮ್ಮ ಬಿಳಿ ಧೋತರಕ್ಕೆ ಮಾತ್ರ ಯಾವ ಮೈಲಿಗೆ?

ಮೂರನೆಯ ಆಕ್ಷೇಪದಲ್ಲಿ ಸತ್ವವಿರುವದು. ಶ್ರಮದಾನವೆಂಬುದು ಬಿಟ್ಟಿಯ ಹೊಸ ಹೆಸರು, ಕೂಲಿಕಾರನ ಅನ್ನಕ್ಕೆ ಕಲ್ಲು ಎನ್ನುವರು. ನಮ್ಮ 'ಬಿಟ್ಟಿ'ಯು ಸಂಸ್ಕೃತದ 'ವಿಷ್ಟಿ' ಶಬ್ದದಿಂದ ಬಂದುದು. ಅದಕ್ಕೆ ಅರ್ಥವೇ ಬಲಾತ್ಕಾರದ ದುಡಿತ. ಬಡವನನ್ನು ಕರೆತಂದು, ಹಾರ ಹಾಕಿ, ಕೂಲಿ ಕೊಡದೆ ಕಳಿಸುವದು ವಿಷ್ಟಿಯೇ ಸರಿ. ಶಾಲೆಯ ಮಕ್ಕಳನ್ನು ಬಿಸಿಲಿಗಟ್ಟಿ ತಾನು ನೆರಳಲ್ಲಿ ಭಾಷಣ ಮಾಡುವದೂ ಅದೇ ಜಾತಿಯದು. ಉಳ್ಳವನ ಬೆವರು ದಾನ. ಇಲ್ಲದವನ ಬೆವರಿಗೆ ಕೂಲಿ. ಕಲ್ಲುಕೆಲಸವನ್ನು ಬಲ್ಲವನಿಗೆ ಪೂರ್ಣ ವೇತನವನ್ನು ಕೊಟ್ಟು, ಅವನ ಕೈಕೆಳಗೆ ಬುಟ್ಟಿ ಹೊರುವವರು ಪಿಂಚಣಿದಾರರೂ ವಕೀಲರೂ ವರ್ತಕರೂ ಆಗಲಿ. ಆಗ ಯಾರ ಅನ್ನಕ್ಕೂ ಧಕ್ಕೆಯಿಲ್ಲ.

ಉತ್ಸಾಹಕ್ಕೂ ಒಂದು ಕಟ್ಟುಂಟು. ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡವನ್ನು 2010ರ ತಿದ್ದುಪಡಿ ಶಾಸನವು ನಿಷೇಧಿಸಿದೆ. ಪುರಾತತ್ತ್ವ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ಗುದ್ದಲಿಯನ್ನು ಎತ್ತಕೂಡದು. ಬಿದ್ದ ಕೆತ್ತನೆಯ ಕಲ್ಲನ್ನು ಮೆಟ್ಟಿಲಿಗೆ ಹಾಕುವವನು ಸೇವಕನಲ್ಲ, ಘಾತಕ. ಹೊಲದೊಡೆಯನ ಒಪ್ಪಿಗೆಯಿಲ್ಲದೆ ಅವನ ಬದುವನ್ನೂ ಮುಟ್ಟಬಾರದು.

ಚಾಲುಕ್ಯ ಜಯಸಿಂಹನ ಸೋದರಿ ಅಕ್ಕಾದೇವಿಯು ಆಳಿದ ಕಿಸುಕಾಡು ಎಪ್ಪತ್ತರಲ್ಲಿ ಸೂಡಿಯು ಮುಖ್ಯ ಪಟ್ಟಣವಾಗಿದ್ದಿತು. ಹನ್ನೊಂದನೆಯ ಶತಮಾನದವರು ಬಾವಿ, ಗುಡಿಗಳನ್ನು ಪೂರ್ತಧರ್ಮವೆಂದು ಕಟ್ಟಿಸಿ, ಹೆಸರುಗಳನ್ನು ಶಿಲೆಯಲ್ಲಿ ಬರೆಯಿಸಿದರು. ಕಾಲುದಾರಿಗೆ ಶಾಸನ ಬೇಡ, ಉದ್ಘಾಟನೆಯೂ ಬೇಡ. ವರುಷಕ್ಕೆ ನಾಲ್ಕು ದಿನ ಬಾಗುವ ಬೆನ್ನುಗಳು ಬೇಕು. ವಾಚಕ ಮಹಾಶಯರೇ, ಮನೆಯಲ್ಲಿ ಸಲಿಕೆಯಿದೆಯೋ ನೋಡಿರಿ. ಇಲ್ಲವಾದರೆ ಬರುವ ಸಂತೆಯಲ್ಲಿ ಕೊಳ್ಳಿರಿ.